ಐದು ನಕ್ಷತ್ರಗಳ ಜ್ಯೋತಿಷ್ಯ

ಯುಗಾದಿಯ ಆಸುಪಾಸಿನಲ್ಲಿ ಎರಡು ಬಗೆಯ ಭವಿಷ್ಯ ಹೊರಬೀಳುತ್ತದೆ. ಒಂದು ನಮ್ಮ ದೇವಸ್ಥಾನಗಳ ಪಂಚಾಂಗ ಶ್ರವಣ: ಈ ವರ್ಷ ಮಳೆ ಇಷ್ಟು ಕೊಳಗ, ಬೆಳೆ ಹೀಗೆ, ಇಂಥ ರಾಶಿಗೆ ಆಯ ಇಷ್ಟು, ವ್ಯಯ ಇಷ್ಟು. ಇನ್ನೊಂದು ಯುರೋಪಿನ ಸೈಕ್ಲಿಂಗ್ ಪತ್ರಿಕೆಗಳದ್ದು. ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನ ಕಲ್ಲುಹಾಸಿನ ರಸ್ತೆಗಳಲ್ಲಿ ನಡೆಯುವ ಒಂದು ದಿನದ ರೇಸುಗಳ ಕಾಲವೂ ಇದೇ. ಪ್ರತಿ ರೇಸಿನ ಹಿಂದಿನ ದಿನ ಒಂದು ಪಟ್ಟಿ ಬರುತ್ತದೆ. ಒಬ್ಬನಿಗೆ ಐದು ನಕ್ಷತ್ರ, ಇಬ್ಬರಿಗೆ ನಾಲ್ಕು, ಮೂವರಿಗೆ ಮೂರು, ಮತ್ತೆ ಕೆಲವರಿಗೆ ಎರಡು, ಒಂದು. ಭಾನುವಾರ ಸಂಜೆ ಪುಣೆಯಲ್ಲೋ ಚೆನ್ನೈಯಲ್ಲೋ ಕುಳಿತು ರೇಸ್ ನೋಡುವವರ ಕೈಯಲ್ಲೂ ಈ ಪಟ್ಟಿ ಇರುತ್ತದೆ. ಭಾರತದ ಸಮಯ ರಾತ್ರಿ ಎಂಟರ ಹೊತ್ತಿಗೆ ರೇಸ್ ಮುಗಿಯುತ್ತದೆ, ಪಟ್ಟಿ ಕಸದ ಬುಟ್ಟಿ ಸೇರುತ್ತದೆ, ಮುಂದಿನ ವಾರ ಹೊಸ ಪಟ್ಟಿ ಸಿದ್ಧವಾಗುತ್ತದೆ.

ಪಂಚಾಂಗ ಓದುವ ಭಟ್ಟರಾದರೂ ತಾವು ಹೇಳುವುದು ಗ್ರಹಗತಿ ಎಂದು ಒಪ್ಪಿಕೊಳ್ಳುತ್ತಾರೆ. ನಕ್ಷತ್ರ ಹಂಚುವ ಪತ್ರಿಕೆಗಳು ಇದನ್ನು ವಿಶ್ಲೇಷಣೆ ಎನ್ನುತ್ತವೆ. ಆ ಹೆಸರಿಗೆ ಈ ಪಟ್ಟಿ ಅರ್ಹವಲ್ಲ. ಇದು ರೇಸಿನ ಬಗ್ಗೆ ಏನನ್ನೂ ಮುಂಚಿತವಾಗಿ ತಿಳಿಸುವುದಿಲ್ಲ, ಸುಳ್ಳಾದಾಗ ಲೆಕ್ಕ ಒಪ್ಪಿಸುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ನೋಡುವವರ ಕಣ್ಣನ್ನು ರಸ್ತೆಯಿಂದ ಕಿತ್ತು ನಾಲ್ಕು ಹೆಸರುಗಳ ಮೇಲೆ ಅಂಟಿಸುತ್ತದೆ.

ಮೊದಲು ಈ ರೇಸುಗಳ ಪರಿಚಯ. ಇವುಗಳಲ್ಲಿ ದೊಡ್ಡವು ಎರಡು. ಬೆಲ್ಜಿಯಂನ ಟೂರ್ ಆಫ್ ಫ್ಲಾಂಡರ್ಸ್ 1913ರಲ್ಲಿ ಶುರುವಾಯಿತು. ಗುಡ್ಡಗಳು ಚಿಕ್ಕವು, ಆದರೆ ಕಡಿದು, ಮೇಲೆ ಕಲ್ಲುಹಾಸು. ಪ್ಯಾಟರ್‌ಬರ್ಗ್ ಎಂಬ ಏರು ಅರ್ಧ ಕಿಲೋಮೀಟರ್ ಕೂಡ ಇಲ್ಲ, ಆದರೆ ಅದರ ಕಡಿದಾದ ಭಾಗ ನೂರು ಮೀಟರಿಗೆ 20 ಮೀಟರ್ ಏರುತ್ತದೆ. ಫ್ರಾನ್ಸಿನ ಪ್ಯಾರಿಸ್–ರೂಬೇ ಇನ್ನೂ ಹಳೆಯದು, 1896ರದ್ದು. ಹೆಸರು ಪ್ಯಾರಿಸ್ ಎಂದಿದ್ದರೂ 1977ರಿಂದ ಕಾಂಪಿಯೆನ್ ಪಟ್ಟಣದಿಂದ ಹೊರಡುತ್ತದೆ. ಸುಮಾರು 260 ಕಿಲೋಮೀಟರ್ ದಾರಿಯಲ್ಲಿ ಹೆಚ್ಚುಕಡಿಮೆ 55 ಕಿಲೋಮೀಟರ್ ಕಲ್ಲುಹಾಸು, ಅದೂ 30ರಷ್ಟು ತುಂಡುಗಳಲ್ಲಿ. ಹೊಲಗಳ ನಡುವೆ ಗಾಡಿ ಓಡಾಡಲೆಂದು ಹಾಸಿದ್ದ ಹಳೆಯ ಕಲ್ಲುಗಳವು, ನಡುನಡುವೆ ಬಿರುಕು, ಅಂಚಿನಲ್ಲಿ ಕೆಸರು ಅಥವಾ ಧೂಳು. ಗುಡ್ಡ ಒಂದೂ ಇಲ್ಲ. ಕೊನೆಗೆ ರೂಬೇ ಪಟ್ಟಣದ ಹಳೆಯ ವೆಲೋಡ್ರೋಮಿನಲ್ಲಿ ಒಂದೂವರೆ ಸುತ್ತು. ಗೆದ್ದವನಿಗೆ ಕೊಡುವ ಟ್ರೋಫಿಯೂ ಒಂದು ಕಲ್ಲೇ. ತಂಡಕ್ಕೆ ಏಳು ಜನರಂತೆ 25 ತಂಡ, ಒಟ್ಟು 175 ಸವಾರರು ಹೊರಡುತ್ತಾರೆ.

ಈಗ 2016ರ ಏಪ್ರಿಲ್ 10ಕ್ಕೆ ಬರೋಣ. ಅಂದಿನ ರೂಬೇ ರೇಸಿನ ಪಟ್ಟಿಗಳಲ್ಲಿ ಮೇಲಿದ್ದ ಹೆಸರುಗಳು ಫ್ಯಾಬಿಯನ್ ಕ್ಯಾನ್ಸೆಲಾರಾ ಮತ್ತು ಪೀಟರ್ ಸಗಾನ್. ಕ್ಯಾನ್ಸೆಲಾರಾ ಆಗಲೇ ಮೂರು ಬಾರಿ ಗೆದ್ದವನು, ಅದು ಅವನ ಕೊನೆಯ ವರ್ಷ. ಸಗಾನ್ ವಿಶ್ವ ಚಾಂಪಿಯನ್, ಹಿಂದಿನ ಭಾನುವಾರವಷ್ಟೇ ಫ್ಲಾಂಡರ್ಸ್ ಗೆದ್ದಿದ್ದ. ನಾಲ್ಕು ಬಾರಿ ಗೆದ್ದಿದ್ದ ಟಾಮ್ ಬೋನನ್ ಐದನೆಯದಕ್ಕೆ ಕಾಯುತ್ತಿದ್ದ. ಗೆದ್ದವನು 37 ವರ್ಷದ ಆಸ್ಟ್ರೇಲಿಯಾದ ಮ್ಯಾಥ್ಯೂ ಹೇಮನ್. ಆರು ವಾರ ಮುಂಚೆ ಬೆಲ್ಜಿಯಂನ ಒಂದು ರೇಸಿನಲ್ಲಿ ಬಿದ್ದು ಕೈಮೂಳೆ ಮುರಿದುಕೊಂಡಿದ್ದ. ರಸ್ತೆಗೆ ಇಳಿಯಲಾಗದೆ ಮನೆಯಲ್ಲೇ ಟ್ರೇನರ್ ಮೇಲೆ ಸೈಕಲ್ ಕಟ್ಟಿಕೊಂಡು ತುಳಿದವನು ರೂಬೇ ವೆಲೋಡ್ರೋಮಿನ ಕೊನೆಯ ಸ್ಪ್ರಿಂಟಿನಲ್ಲಿ ಬೋನನ್‌ನನ್ನು ಹಿಂದೆ ಹಾಕಿದ.

ಮರುದಿನ ಎಲ್ಲೆಡೆ ಒಂದೇ ಮಾತು: ಅಚ್ಚರಿ. ಯಾರಿಗೆ ಅಚ್ಚರಿ? ಪಟ್ಟಿ ಬರೆದವರಿಗೆ. ಹೇಮನ್ ಆ ಕಲ್ಲುಗಳ ಮೇಲೆ ಹತ್ತಕ್ಕಿಂತ ಹೆಚ್ಚು ಬಾರಿ ಸವಾರಿ ಮಾಡಿದ್ದವನು, ಹಿಂದೆ ಮೊದಲ ಹತ್ತರೊಳಗೆ ಬಂದಿದ್ದವನು. ಅಂದು ಬೆಳಗ್ಗೆಯೇ ಮುಂದೆ ಹೋದ ಗುಂಪಿನಲ್ಲಿ ಸೇರಿಕೊಂಡಿದ್ದ. ಗುರಿಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಇರುವಾಗಲೇ ಹಿಂದೆ ಒಂದು ಬೀಳು ಆಗಿ ಗುಂಪು ಒಡೆಯಿತು. ಬೋನನ್ ಮುಂದಿನ ತುಂಡಿನಲ್ಲಿ ಉಳಿದ, ಕ್ಯಾನ್ಸೆಲಾರಾ ಮತ್ತು ಸಗಾನ್ ಹಿಂದಿನದರಲ್ಲಿ ಸಿಕ್ಕಿಕೊಂಡರು. ಬೋನನ್‌ನ ತಂಡ ಇದನ್ನು ಕಂಡ ಕೂಡಲೇ ವೇಗ ಹೆಚ್ಚಿಸಿತು. ಗಾಳಿ ಬಂದಾಗ ತೂರಿಕೋ ಎನ್ನುತ್ತಾರಲ್ಲ, ಹಾಗೆ. ಮುಂದೆ ಮಾನ್ಸ್-ಆಂ-ಪೆವೆಲ್ ಎಂಬ ತುಂಡಿನಲ್ಲಿ ಕ್ಯಾನ್ಸೆಲಾರಾ ಜಾರಿ ಬಿದ್ದ. ಹಿಂದೆ ಬರುತ್ತಿದ್ದ ಸಗಾನ್ ಬಿದ್ದ ಸೈಕಲ್ಲಿನ ಮೇಲಿಂದ ತನ್ನ ಸೈಕಲ್ ಹಾರಿಸಿ ಪಾರಾದ. ಬೋನನ್‌ನ ಗುಂಪು ಬಂದು ಸೇರುವವರೆಗೆ ಹೇಮನ್ ಮುಂದೆಯೇ ಇದ್ದ. ಕಷ್ಟದ ಜಾಗಗಳಿಗೆಲ್ಲ ಇತರರಿಗಿಂತ ಮೊದಲೇ, ನೂಕುನುಗ್ಗಲಿಲ್ಲದೆ ತಲುಪಿದ್ದ. ಅಚ್ಚರಿಯೆಂದು ಕರೆದದ್ದು ಹಂತಹಂತವಾಗಿ ಕಾರಣಗಳಿದ್ದ ಒಂದು ಫಲಿತಾಂಶ.

ಇಲ್ಲಿ ಇನ್ನೊಂದು ಪಂಗಡ ಎದ್ದು ನಿಲ್ಲುತ್ತದೆ. ರೂಬೇ ಒಂದು ಲಾಟರಿ, ಅದನ್ನು ಊಹಿಸಲು ಹೋಗುವುದೇ ಮೂರ್ಖತನ ಎನ್ನುವುದು ಈ ಪಂಗಡದ ವಾದ. ಕೇಳಲು ವಿನಯವಂತಿಕೆಯಂತೆ ಕಂಡರೂ ಇದು ನಕ್ಷತ್ರದ ಪಟ್ಟಿಯಷ್ಟೇ ಸೋಮಾರಿತನದ್ದು. ಲಾಟರಿಯಾಗಿದ್ದರೆ ರೋಜರ್ ಡ ವ್ಲಾಮಿಂಕ್ ಮತ್ತು ಬೋನನ್ ತಲಾ ನಾಲ್ಕು ಬಾರಿ ಗೆಲ್ಲುತ್ತಿರಲಿಲ್ಲ. 2023, 2024, 2025ರಲ್ಲಿ ಮ್ಯಾಥ್ಯೂ ವಾನ್ ಡರ್ ಪೂಲ್ ಸತತ ಮೂರು ಬಾರಿ ಗೆಲ್ಲುತ್ತಿರಲಿಲ್ಲ. ಒಂದೇ ವ್ಯಕ್ತಿಗೆ ಮೂರು ವರ್ಷ ಬಂಪರ್ ಬಹುಮಾನ ಬಂದರೆ ಪೊಲೀಸರು ಮನೆಗೆ ಬರುತ್ತಾರೆ. ತಮಾಷೆಯೆಂದರೆ, ಬೆಲ್ಜಿಯಂನ ರಾಷ್ಟ್ರೀಯ ಲಾಟರಿ ದಶಕಗಳಿಂದ ಒಂದು ಸೈಕ್ಲಿಂಗ್ ತಂಡದ ಪ್ರಾಯೋಜಕ. 1994ರಲ್ಲಿ ರೂಬೇ ಗೆದ್ದ ಆಂದ್ರೇ ಚ್ಮಿಲ್ ಅದೇ ತಂಡದವನು. ರೂಬೇಗೂ ಲಾಟರಿಗೂ ಇರುವ ನಿಜವಾದ ನಂಟು ಆ ಜರ್ಸಿಯ ಮೇಲಿನ ಅಕ್ಷರಗಳಷ್ಟೇ.

ಅದೃಷ್ಟ ಇಲ್ಲವೇ ಇಲ್ಲವೆಂದಲ್ಲ. ಅದು ಎಷ್ಟು, ಎಲ್ಲಿ ಎಂದು ಎಣಿಸಿ ನೋಡಬೇಕು. ಒಂದು ಸಣ್ಣ ಲೆಕ್ಕ ಹಾಕಬಹುದು. ಅಂಕಿಗಳು ಕೇವಲ ಉದಾಹರಣೆಗೆ. ಒಬ್ಬ ಸವಾರ ಪ್ರತಿಯೊಂದು ಕಲ್ಲುಹಾಸಿನ ತುಂಡನ್ನು ಪಂಕ್ಚರ್ ಇಲ್ಲದೆ, ಬೀಳದೆ ದಾಟುವ ಸಾಧ್ಯತೆ ನೂರಕ್ಕೆ 98 ಎಂದುಕೊಳ್ಳಿ. ಬಹಳ ಒಳ್ಳೆಯ ಅಂಕಿಯಂತೆ ಕಾಣುತ್ತದೆ. ಆದರೆ ಅಂಥ ತುಂಡುಗಳು 30. ಮೂವತ್ತನ್ನೂ ಸುರಕ್ಷಿತವಾಗಿ ದಾಟುವ ಸಾಧ್ಯತೆ ನೂರಕ್ಕೆ 55ಕ್ಕೆ ಇಳಿಯುತ್ತದೆ. ಈಗ ಇನ್ನೊಬ್ಬ ಸವಾರನಿದ್ದಾನೆ. ಅವನು ಯಾವಾಗಲೂ ಗುಂಪಿನ ಮುಂದಿನ ಹತ್ತರಲ್ಲಿರುತ್ತಾನೆ, ಕಲ್ಲಿನ ಗೆರೆ ಅವನಿಗೆ ಸ್ಪಷ್ಟವಾಗಿ ಕಾಣುತ್ತದೆ, ಟೈರಿನ ಗಾಳಿ ಸರಿಯಾಗಿದೆ. ಅವನ ಅಂಕಿ 98ರ ಬದಲು 99. ಮೂವತ್ತು ತುಂಡುಗಳ ನಂತರ ಅವನ ಸಾಧ್ಯತೆ 74. ಒಂದೊಂದು ತುಂಡಿನಲ್ಲಿ ಕಣ್ಣಿಗೇ ಕಾಣದ ವ್ಯತ್ಯಾಸ ಕೊನೆಗೆ 19 ಅಂಕಗಳ ಕಂದಕವಾಗುತ್ತದೆ. ಲಾಟರಿ ಪಂಗಡದವರು ಅದೃಷ್ಟ ಎನ್ನುವುದರಲ್ಲಿ ದೊಡ್ಡ ಪಾಲು ಹೀಗೆ ಕಲ್ಲಿನಿಂದ ಕಲ್ಲಿಗೆ ಕೂಡಿಟ್ಟ ಕಸುಬು.

2025ರ ರೂಬೇ ಇದಕ್ಕೆ ಒಳ್ಳೆಯ ಸಾಕ್ಷಿ. ತದೇಯ್ ಪೊಗಾಚಾರ್ ಆ ರೇಸಿಗೆ ಮೊದಲ ಬಾರಿ ಬಂದಿದ್ದ. ಕೊನೆಯ 40 ಕಿಲೋಮೀಟರ್ ಒಳಗೆ ಒಂದು ತಿರುವಿನಲ್ಲಿ ವೇಗ ಹೆಚ್ಚಾಗಿ ದಾರಿ ತಪ್ಪಿ ಬಿದ್ದ. ಮ್ಯಾಡ್ಸ್ ಪೆಡರ್ಸನ್‌ಗೆ ಪಂಕ್ಚರ್ ಆಯಿತು. ಇವರಿಬ್ಬರಿಗೆ ಹೀಗಾದದ್ದರಿಂದ ವಾನ್ ಡರ್ ಪೂಲ್ ಗೆದ್ದ ಎಂದು ಹೇಳುವವರಿದ್ದಾರೆ. ವಾನ್ ಡರ್ ಪೂಲ್‌ಗೂ ಪಂಕ್ಚರ್ ಆಗಿ ಸೈಕಲ್ ಬದಲಾಯಿಸಬೇಕಾಯಿತು ಎನ್ನುವುದನ್ನು ಅವರು ಮರೆಯುತ್ತಾರೆ. ಅಷ್ಟು ಹೊತ್ತಿಗೆ ಅವನು ಒಂಟಿಯಾಗಿ ಸಾಕಷ್ಟು ಮುಂದೆ ಹೋಗಿದ್ದ, ನಿಂತು ಹೊರಡುವಷ್ಟು ಸಮಯ ಕೈಯಲ್ಲಿತ್ತು. ಕೆಟ್ಟ ಗಳಿಗೆ ಮೂವರಿಗೂ ಬಂತು. ಅದನ್ನು ತಡೆದುಕೊಳ್ಳುವಷ್ಟು ಗಂಟು ಇದ್ದದ್ದು ಒಬ್ಬನ ಹತ್ತಿರ.

ಹಾಗಾದರೆ ಪಟ್ಟಿ ಸರಿಯೇ ಆಯಿತಲ್ಲ ಎಂದು ನಕ್ಷತ್ರದವರು ಕೇಳಬಹುದು. ಇದು ಅವರ ಅತ್ಯಂತ ಗಟ್ಟಿಯಾದ ವಾದ, ಅದಕ್ಕೆ ನೇರವಾಗಿ ಉತ್ತರಿಸಬೇಕು. 2022ರಿಂದ 2025ರವರೆಗೆ ಫ್ಲಾಂಡರ್ಸ್ ಗೆದ್ದವರು ಇಬ್ಬರೇ: ವಾನ್ ಡರ್ ಪೂಲ್ ಎರಡು ಸಲ, ಪೊಗಾಚಾರ್ ಎರಡು ಸಲ. ರೂಬೇ ಮೂರು ವರ್ಷ ಒಬ್ಬನದೇ. ಈ ವರ್ಷಗಳಲ್ಲಿ ಪಟ್ಟಿಯ ತುದಿಯಲ್ಲಿದ್ದ ಹೆಸರುಗಳು ನಿಜಕ್ಕೂ ಗೆದ್ದವು. ಒಪ್ಪಿಕೊಳ್ಳೋಣ. ಆದರೆ ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂದು ಮುನ್ಸೂಚನೆ ಕೊಟ್ಟವನಿಗೆ ಯಾರೂ ಶಾಲು ಹೊದಿಸುವುದಿಲ್ಲ. ವಾನ್ ಡರ್ ಪೂಲ್ ಬಲಿಷ್ಠ ಎಂದು ತಿಳಿಯಲು ಪತ್ರಿಕೆ ಬೇಕಿಲ್ಲ. ತಿಳಿಯಬೇಕಾದದ್ದು ಬೇರೆ: ಅವನು ಸೋಲುವುದಾದರೆ ಎಲ್ಲಿ ಸೋಲುತ್ತಾನೆ, ಯಾರು ಸೋಲಿಸಬಲ್ಲರು, ಅದಕ್ಕೆ ಏನೇನು ಕೂಡಿಬರಬೇಕು. 2021ರಲ್ಲಿ ಇದೇ ವಾನ್ ಡರ್ ಪೂಲ್ ಫ್ಲಾಂಡರ್ಸಿನ ಕೊನೆಗೆ ಡೆನ್ಮಾರ್ಕಿನ ಕ್ಯಾಸ್ಪರ್ ಆಸ್‌ಗ್ರೀನ್ ಜೊತೆ ಇಬ್ಬರೇ ಉಳಿದಿದ್ದ. ಸ್ಪ್ರಿಂಟಿನಲ್ಲಿ ವಾನ್ ಡರ್ ಪೂಲ್‌ನದೇ ಮೇಲುಗೈ ಎಂದು ಎಲ್ಲರೂ ನಂಬಿದ್ದರು. 250 ಕಿಲೋಮೀಟರ್ ದಾಟಿದ ಕಾಲುಗಳ ಸ್ಪ್ರಿಂಟೇ ಬೇರೆ. ಆಸ್‌ಗ್ರೀನ್ ಗೆದ್ದ. ಅದೇ ವರ್ಷ ಅಕ್ಟೋಬರಿನಲ್ಲಿ, 2002ರ ನಂತರ ಮೊದಲ ಬಾರಿ ಮಳೆಯಲ್ಲಿ ನಡೆದ ರೂಬೇಯಲ್ಲಿ ಇಟಲಿಯ ಸೋನಿ ಕೊಲ್ಬ್ರೆಲ್ಲಿ ಗೆದ್ದ. ಅದು ಅವನ ಮೊದಲ ರೂಬೇ. ವಾನ್ ಡರ್ ಪೂಲ್ ಮೂರನೆಯವನಾದ. ಐದು ನಕ್ಷತ್ರ ಈ ಎರಡೂ ದಿನಗಳ ಬಗ್ಗೆ ಏನು ಹೇಳಿತ್ತು? ಮುಂದಿನ ವರ್ಷಗಳ ಗೆಲುವಿನ ಬಗ್ಗೆ ಹೇಳಿದ್ದನ್ನೇ, ಅಂದರೆ ಏನೂ ಇಲ್ಲ.

ನಕ್ಷತ್ರದ ದೊಡ್ಡ ದೋಷ ಇದು. ಅದು ತಪ್ಪಾಗಲು ಸಾಧ್ಯವೇ ಇಲ್ಲದಂತೆ ತಯಾರಾದದ್ದು. ಐದು ನಕ್ಷತ್ರ ಎಂದರೆ ಗೆಲ್ಲುವ ಸಾಧ್ಯತೆ ಎಷ್ಟು? ನೂರಕ್ಕೆ 60? 30? 15? ಯಾರೂ ಹೇಳುವುದಿಲ್ಲ. ಅವನು ಗೆದ್ದರೆ, ಹೇಳಿದ್ದೆವಲ್ಲ. ನಾಲ್ಕು ನಕ್ಷತ್ರದವನು ಗೆದ್ದರೆ, ಅವನೂ ಪಟ್ಟಿಯಲ್ಲಿದ್ದ. ಒಂದು ನಕ್ಷತ್ರದವನು ಗೆದ್ದರೆ, ನೋಡಿ, ನಮ್ಮ ಕಣ್ಣು ಎಷ್ಟು ಸೂಕ್ಷ್ಮ. ಪಟ್ಟಿಯಲ್ಲೇ ಇಲ್ಲದವನು ಗೆದ್ದರೆ, ಇದು ರೂಬೇ, ಇಲ್ಲಿ ಏನು ಬೇಕಾದರೂ ಆಗಬಹುದು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ನಮ್ಮ ಚುನಾವಣೆಯ ಎಕ್ಸಿಟ್ ಪೋಲ್‌ಗಳನ್ನು ಎಷ್ಟು ಬೈದರೂ ಅವು ಒಂದು ಸಂಖ್ಯೆಯನ್ನಾದರೂ ಮುಂದಿಡುತ್ತವೆ. ಫಲಿತಾಂಶದ ದಿನ ಆ ಸಂಖ್ಯೆಯನ್ನು ಪಕ್ಕದಲ್ಲಿಟ್ಟು ಜನ ನಗುತ್ತಾರೆ. ಆ ನಗೆಗೆ ಒಳಗಾಗುವ ಧೈರ್ಯವೂ ನಕ್ಷತ್ರಕ್ಕಿಲ್ಲ.

ಸಂಖ್ಯೆ ಬೇಕಿದ್ದರೆ ಬೆಟ್ಟಿಂಗ್ ದರ ನೋಡಿ ಎನ್ನುವವರಿದ್ದಾರೆ. ಅಲ್ಲಿ ಸಂಖ್ಯೆ ಇದೆ ನಿಜ, ಆದರೆ ಅದು ಅಂಗಡಿಯ ಬೆಲೆಚೀಟಿ. ಒಬ್ಬನಿಗೆ 2, ಇನ್ನೊಬ್ಬನಿಗೆ 3, ಮತ್ತೊಬ್ಬನಿಗೆ 5 ಎಂದು ದರವಿದ್ದರೆ, ಅವು ಸೂಚಿಸುವ ಸಾಧ್ಯತೆಗಳು ಕ್ರಮವಾಗಿ ನೂರಕ್ಕೆ 50, 33, 20. ಮೂವರಲ್ಲೇ 103 ಆಯಿತು. ಇನ್ನೂ 172 ಸವಾರರ ದರ ಕೂಡಿಸಬೇಕು. ನೂರಕ್ಕಿಂತ ಹೆಚ್ಚಾದದ್ದೆಲ್ಲ ಅಂಗಡಿಯವನ ಲಾಭ. ಹೆಸರು ದೊಡ್ಡದಾದಷ್ಟೂ ಜನ ಹೆಚ್ಚು ಹಣ ಕಟ್ಟುತ್ತಾರೆ, ಆ ಹೆಸರಿನ ದರವೂ ಅದಕ್ಕೆ ತಕ್ಕಂತೆ ಕುಗ್ಗುತ್ತದೆ. ಜನಪ್ರಿಯತೆಯನ್ನು ಸಾಧ್ಯತೆಯೆಂದು ಓದುವುದು ಸಿನಿಮಾದ ಕಟೌಟಿನ ಎತ್ತರ ನೋಡಿ ಕಥೆ ಚೆನ್ನಾಗಿದೆ ಎಂದಂತೆ.

ಪಟ್ಟಿ ಬರೆಯುವವರು ಮರೆಯುವ ಇನ್ನೊಂದು ಸಂಗತಿಯಿದೆ, ಇದು ಈ ಆಟಕ್ಕೇ ವಿಶೇಷವಾದದ್ದು. ಮಳೆ ಬರುತ್ತದೆ ಎಂದು ಹವಾಮಾನ ಇಲಾಖೆ ಹೇಳಿದರೆ ಮೋಡಕ್ಕೆ ಅದು ಕೇಳಿಸುವುದಿಲ್ಲ. ಇವನು ಗೆಲ್ಲುತ್ತಾನೆ ಎಂದು ಪತ್ರಿಕೆ ಬರೆದರೆ ಉಳಿದ 174 ಸವಾರರೂ ಅದನ್ನು ಓದುತ್ತಾರೆ. ಸೈಕಲ್ ರೇಸಿನಲ್ಲಿ ಮುಂದಿರುವವನು ಗಾಳಿಗೆ ಎದೆ ಕೊಡುತ್ತಾನೆ, ಹಿಂದೆ ಅಂಟಿಕೊಂಡವನು ಬಹಳಷ್ಟು ಶಕ್ತಿ ಉಳಿಸುತ್ತಾನೆ. ಹೀಗಾಗಿ ಫೇವರಿಟ್ ಎಂಬ ಹಣೆಪಟ್ಟಿಯೇ ಒಂದು ಹೊರೆ. 2011ರ ರೂಬೇಯಲ್ಲಿ ಎಲ್ಲರ ಕಣ್ಣು ಕ್ಯಾನ್ಸೆಲಾರಾ ಮೇಲಿತ್ತು. ಅವನು ಹೋದಲ್ಲೆಲ್ಲ ನಾರ್ವೆಯ ಥೋರ್ ಹುಶೋವ್ಡ್ ಹಿಂದೆ ಅಂಟಿಕೊಂಡು ಬಂದ, ಮುಂದೆ ಬಂದು ಎಳೆಯಲು ಒಪ್ಪಲಿಲ್ಲ. ಕಾರಣ ಸರಳ. ಹುಶೋವ್ಡ್‌ನ ತಂಡದವನೇ ಆದ ಯೊಹಾನ್ ವಾನ್‌ಸುಮ್ಮೆರೆನ್ ಮುಂದಿನ ಗುಂಪಿನಲ್ಲಿದ್ದ. ಕ್ಯಾನ್ಸೆಲಾರಾ ಎರಡನೆಯವನಾದ. ಇತರರಿಗಾಗಿ ದುಡಿಯುವುದೇ ಕಸುಬಾಗಿದ್ದ ವಾನ್‌ಸುಮ್ಮೆರೆನ್ ಗೆದ್ದ, ಅದೂ ಗಾಳಿ ಇಳಿಯುತ್ತಿದ್ದ ಹಿಂದಿನ ಟೈರಿನ ಮೇಲೆ. ಕ್ಯಾನ್ಸೆಲಾರಾ ಅಂದು ಬಲಹೀನನಾಗಿದ್ದನೇ? ಇಲ್ಲ. ಅವನು ಬಲಶಾಲಿ ಎಂದು ಎಲ್ಲರಿಗೂ ಗೊತ್ತಿದ್ದದ್ದೇ ಅವನ ಸೋಲಿಗೆ ಒಂದು ಕಾರಣವಾಯಿತು. ಐದು ನಕ್ಷತ್ರ ಪಡೆದವನ ಸಾಧ್ಯತೆಯನ್ನು ಆ ನಕ್ಷತ್ರವೇ ಒಂದಿಷ್ಟು ತಿನ್ನುತ್ತದೆ. ಯಾವ ಪಟ್ಟಿಯಾದರೂ ಇದನ್ನು ಲೆಕ್ಕಕ್ಕೆ ಹಿಡಿಯುತ್ತದೆಯೇ?

ಇಷ್ಟೆಲ್ಲ ಹೇಳಿದ ಮೇಲೆ, ಮುನ್ಸೂಚನೆಯೇ ಬೇಡವೆಂದು ಅರ್ಥವಲ್ಲ. ಈ ರೇಸುಗಳಲ್ಲಿ ಮುಂಚಿತವಾಗಿ ತಿಳಿಯಬಹುದಾದದ್ದು ಬಹಳವಿದೆ. ಅದು ಹೆಸರುಗಳಲ್ಲಿಲ್ಲ, ಜಾಗಗಳಲ್ಲಿದೆ.

ಫ್ಲಾಂಡರ್ಸಿನಲ್ಲಿ ಔಡೆ ಕ್ವಾರೆಮಾಂಟ್ ಏರನ್ನು ಕೊನೆಯ ಬಾರಿ ಹತ್ತುವುದು ಗುರಿಗೆ ಸುಮಾರು 17 ಕಿಲೋಮೀಟರ್ ಇರುವಾಗ, ಪ್ಯಾಟರ್‌ಬರ್ಗ್ ಏರನ್ನು 13 ಕಿಲೋಮೀಟರ್ ಇರುವಾಗ. ಆ ನಾಲ್ಕು ಕಿಲೋಮೀಟರಿನಲ್ಲಿ ರೇಸ್ ಒಡೆಯುತ್ತದೆ ಎಂದು ವಾರ ಮುಂಚೆಯೇ ಹೇಳಬಹುದು. 2019ರಲ್ಲಿ ಆಲ್ಬರ್ಟೊ ಬೆಟ್ಟಿಯೋಲ್ ಅಲ್ಲೇ ಹೊರಟ. ವೃತ್ತಿಪರನಾಗಿ ಅದಕ್ಕೆ ಮುಂಚೆ ಒಂದು ರೇಸನ್ನೂ ಗೆದ್ದಿರದ ಅವನು ಕೊನೆಯವರೆಗೆ ಒಂಟಿಯಾಗಿ ಹೋಗಿ ಗೆದ್ದ. ಹೆಸರು ಯಾರಿಗೂ ಹೊಳೆದಿರಲಿಲ್ಲ, ಜಾಗ ಎಲ್ಲರಿಗೂ ಗೊತ್ತಿತ್ತು. ಕೊಪ್ಪೆನ್‌ಬರ್ಗ್ ಏರು ಒದ್ದೆಯಾದರೆ ಜಾರುತ್ತದೆ, ಮುಂದಿನ ಕೆಲವರ ಹಿಂದೆ ಇರುವವರು ಇಳಿದು ನಡೆಯಬೇಕಾಗುತ್ತದೆ ಎನ್ನುವುದೂ ಹಾಗೆಯೇ. 2024ರಲ್ಲಿ ಮಳೆ ಬಂತು. ಜಗತ್ತಿನ ಅತ್ಯುತ್ತಮ ಸವಾರರಲ್ಲಿ ಬಹುಪಾಲು ಜನ ಸೈಕಲ್ ತಳ್ಳಿಕೊಂಡು ನಡೆದರು, ವಾನ್ ಡರ್ ಪೂಲ್ ಅಲ್ಲಿಂದಲೇ ಒಂಟಿಯಾಗಿ ಹೊರಟುಹೋದ. ಮಳೆ ಬಂದರೆ ಕೊಪ್ಪೆನ್‌ಬರ್ಗಿಗೆ ಮೊದಲ ಐದರಲ್ಲಿ ಬಾರದವನ ಕಥೆ ಮುಗಿಯಿತು ಎಂದು ಬರೆಯುವುದು ನಿಜವಾದ ಮುನ್ಸೂಚನೆ. ಅದರಲ್ಲಿ ಷರತ್ತಿದೆ, ಕಾರಣವಿದೆ, ತಪ್ಪಾದರೆ ಸಿಕ್ಕಿಬೀಳುವ ಅಪಾಯವೂ ಇದೆ.

ತಂಡದ ಲೆಕ್ಕವೂ ಹೀಗೆ. ಕೊನೆಯ ಗುಂಪಿನಲ್ಲಿ ಒಂದೇ ತಂಡದ ಮೂವರಿದ್ದರೆ ಅವರೇ ಗೆಲ್ಲುತ್ತಾರೆ ಎನ್ನುವುದು ವಾಡಿಕೆಯ ಮಾತು. ಸಾಮಾನ್ಯವಾಗಿ ಅದು ಸರಿ. ಆದರೆ 2015ರ ಓಮ್ಲೂಪ್ ಹೆಟ್ ನ್ಯೂಸ್‌ಬ್ಲಾಡ್ ರೇಸಿನಲ್ಲಿ ಬ್ರಿಟನ್ನಿನ ಇಯಾನ್ ಸ್ಟ್ಯಾನರ್ಡ್ ಒಬ್ಬನೇ ಕ್ವಿಕ್-ಸ್ಟೆಪ್ ತಂಡದ ಮೂವರ ಜೊತೆ ಉಳಿದ, ಅವರಲ್ಲಿ ಬೋನನ್ ಮತ್ತು ಹಿಂದಿನ ವರ್ಷ ರೂಬೇ ಗೆದ್ದಿದ್ದ ನಿಕಿ ಟೆರ್ಪ್‌ಸ್ಟ್ರಾ ಇದ್ದರು. ಸ್ಟ್ಯಾನರ್ಡ್ ಗೆದ್ದ. ಹತ್ತು ವರ್ಷಗಳ ನಂತರ, 2025ರ ದ್ವಾರ್ಸ್ ಡೋರ್ ಫ್ಲಾಂಡರನ್ ರೇಸಿನಲ್ಲಿ ಅಮೆರಿಕದ ನೀಲ್ಸನ್ ಪೌಲೆಸ್ ವಿಸ್ಮಾ ತಂಡದ ಮೂವರ ನಡುವೆ ಸಿಕ್ಕಿಕೊಂಡ. ಮೂವರೂ ವೌಟ್ ವಾನ್ ಆರ್ಟ್‌ನ ಸ್ಪ್ರಿಂಟಿಗೆ ಎಲ್ಲವನ್ನೂ ಒಪ್ಪಿಸಿ, ಪೌಲೆಸ್ ಮೇಲೆ ಸರದಿಯಂತೆ ದಾಳಿ ಮಾಡುವುದನ್ನು ಬಿಟ್ಟರು. ಪೌಲೆಸ್ ಕೊನೆಗೆ ವಾನ್ ಆರ್ಟ್‌ನನ್ನೇ ದಾಟಿದ. ಈ ಎರಡು ರೇಸುಗಳಿಂದ ಕಲಿಯಬಹುದಾದ ಪಾಠ ಒಂದಿದೆ: ಸಂಖ್ಯೆ ಇದ್ದರೆ ಸಾಲದು, ಆ ಸಂಖ್ಯೆಯನ್ನು ಖರ್ಚು ಮಾಡಬೇಕು. ಮೂವರೂ ಒಬ್ಬ ಫೇವರಿಟ್‌ನನ್ನು ನಂಬಿ ಕುಳಿತರೆ ಎದುರಾಳಿಗೆ ಒಬ್ಬನನ್ನಷ್ಟೇ ಕಾಯುವ ಕೆಲಸ. ಪಟ್ಟಿಯ ಕಾಯಿಲೆ ಪತ್ರಿಕೆಯಿಂದ ತಂಡದ ಕಾರಿಗೂ ಹರಡಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಇರಲಿ ಬಿಡಿ, ಇದೊಂದು ಭಾನುವಾರದ ಮನರಂಜನೆ, ಇಷ್ಟು ಸಿಟ್ಟು ಯಾಕೆ ಎಂದು ಕೇಳಬಹುದು. ಇದರಿಂದ ನಷ್ಟವಾಗುವವರಿದ್ದಾರೆ, ಅದಕ್ಕೆ.

ಮೊದಲ ನಷ್ಟ ಮಹಿಳೆಯರ ರೇಸಿಗೆ. ಮಹಿಳೆಯರಿಗೆ ಪ್ಯಾರಿಸ್–ರೂಬೇ ಸಿಕ್ಕಿದ್ದೇ 2021ರಲ್ಲಿ, ಗಂಡಸರ ರೇಸ್ ಶುರುವಾಗಿ 125 ವರ್ಷಗಳ ಮೇಲೆ. ಆ ಮೊದಲ ರೇಸನ್ನು ಲಿಜ್ಜಿ ಡೈಗ್ನನ್ 80 ಕಿಲೋಮೀಟರ್ ಒಂಟಿಯಾಗಿ ತುಳಿದು ಗೆದ್ದಳು. ಕೈಗವಸು ಹಾಕಿರಲಿಲ್ಲ, ಕೊನೆಗೆ ಹ್ಯಾಂಡಲ್ ಮೇಲೆ ರಕ್ತದ ಕಲೆ ಇತ್ತು. 2023ರಲ್ಲಿ ಕೆನಡಾದ ಆಲಿಸನ್ ಜಾಕ್ಸನ್ ಗೆದ್ದಳು. ಬೆಳಗ್ಗೆಯೇ ಮುಂದೆ ಹೋದ ದೊಡ್ಡ ಗುಂಪಿನಲ್ಲಿ ಅವಳಿದ್ದಳು. ಆ ಗುಂಪಿನಲ್ಲಿ ಬಹಳಷ್ಟು ತಂಡಗಳ ಸವಾರರಿದ್ದುದರಿಂದ ಹಿಂದೆ ಬೆನ್ನಟ್ಟುವ ಹೊಣೆ ಕೆಲವೇ ತಂಡಗಳ ಮೇಲೆ ಬಿತ್ತು. ನಡುವೆ ಎಲಿಸಾ ಲೊಂಗೊ ಬೊರ್ಗಿನಿ ಜಾರಿ ಬಿದ್ದು, ಹಿಂದಿದ್ದ ಲೊಟ್ಟೆ ಕೊಪೆಕಿಯೂ ಸಿಕ್ಕಿಕೊಂಡಳು. ಜಾಕ್ಸನ್ ಆ ಗುಂಪಿನಲ್ಲಿ ಎಳೆಯುವ ಕೆಲಸದಿಂದ ತಪ್ಪಿಸಿಕೊಳ್ಳಲಿಲ್ಲ, ಕೊನೆಯ ಸ್ಪ್ರಿಂಟನ್ನೂ ಗೆದ್ದಳು. ಮಹಿಳೆಯರ ರೇಸಿನ ಪ್ರಸಾರ, ವರದಿ ಎಲ್ಲವೂ ಕಡಿಮೆ. ಇರುವ ಅಷ್ಟೂ ಜಾಗವನ್ನು ಎರಡು ಮೂರು ಹೆಸರಿನ ಪಟ್ಟಿ ತಿಂದರೆ, ಜಾಕ್ಸನ್‌ಳಂಥವಳು ಗೆದ್ದಾಗ ಅವಳ ಬಗ್ಗೆ ಗೊತ್ತಿರುವುದು ವೆಲೋಡ್ರೋಮಿನಲ್ಲಿ ಕುಣಿದಳು ಎನ್ನುವುದಷ್ಟೇ ಆಗುತ್ತದೆ. ಅಂದು ಅವಳ ಕುಣಿತ ಜಗತ್ತೆಲ್ಲ ಸುತ್ತಿತು, ಅವಳ ರೇಸ್ ಸುತ್ತಲಿಲ್ಲ.

ಎರಡನೆಯದು ತಂಡದ ಆಳುಗಳಿಗೆ. 175 ಜನರಲ್ಲಿ ಹೆಚ್ಚಿನವರು ಗೆಲ್ಲಲೆಂದು ಬರುವುದೇ ಇಲ್ಲ. ನಾಯಕನನ್ನು ಕಲ್ಲುಹಾಸಿನ ಬಾಯಿಗೆ ಮೊದಲ ಹತ್ತರಲ್ಲಿ ತಂದು ಬಿಡುವುದು, ಪಂಕ್ಚರ್ ಆದರೆ ತಮ್ಮ ಚಕ್ರ ಬಿಚ್ಚಿಕೊಟ್ಟು ರಸ್ತೆ ಬದಿಯಲ್ಲಿ ಕಾಯುವುದು, ನೂರು ಕಿಲೋಮೀಟರ್ ಗಾಳಿಗೆ ಎದೆಕೊಟ್ಟು ನಂತರ ಹಿಂದೆ ಬೀಳುವುದು ಅವರ ಕೂಲಿ. ಮೇಲಿನ ಲೆಕ್ಕದಲ್ಲಿ 98ನ್ನು 99 ಮಾಡುವವರು ಇವರೇ. ನಕ್ಷತ್ರದ ಪಟ್ಟಿಗೆ ಇವರು ಇಲ್ಲವೇ ಇಲ್ಲ. ಹೀಗಿರುವಾಗ ಇವರಲ್ಲೊಬ್ಬ ವಾನ್‌ಸುಮ್ಮೆರೆನ್ ಗೆದ್ದರೆ ಅಚ್ಚರಿಯಾಗದೆ ಇನ್ನೇನಾದೀತು?

ಮೂರನೆಯದು ಜೀವದ ಪ್ರಶ್ನೆ. ರೂಬೇಯ ಆರೆನ್‌ಬರ್ಗ್ ಕಾಡಿನ ದಾರಿ 1968ರಲ್ಲಿ ರೇಸಿಗೆ ಸೇರಿತು. ಎರಡು ಕಿಲೋಮೀಟರಿಗಿಂತ ತುಸು ಹೆಚ್ಚು, ಬಾಣದಂತೆ ನೇರ, ಅದಕ್ಕೆ ಮುಂಚಿನ ಡಾಂಬರು ರಸ್ತೆಯಲ್ಲಿ ಗುಂಪು ಅತಿ ವೇಗದಲ್ಲಿ ನುಗ್ಗುತ್ತದೆ. 1998ರಲ್ಲಿ ಬೆಲ್ಜಿಯಂನ ಯೊಹಾನ್ ಮ್ಯುಸೀವ್ ಅಲ್ಲಿ ಬಿದ್ದು ಮೊಣಕಾಲ ಚಿಪ್ಪು ಒಡೆದುಕೊಂಡ. ಗಾಯಕ್ಕೆ ಸೋಂಕು ತಗಲಿ ಕಾಲೇ ಹೋಗುವ ಸ್ಥಿತಿ ಬಂದಿತ್ತು. 2000ದಲ್ಲಿ ಅವನು ಮರಳಿ ಬಂದು ಅದೇ ರೇಸ್ ಗೆದ್ದು, ಗುರಿಯಲ್ಲಿ ಆ ಮೊಣಕಾಲನ್ನೇ ತೋರಿಸಿದ. ಆರೆನ್‌ಬರ್ಗಿನ ಬಾಯಲ್ಲಿ ಯಾರೋ ಬೀಳುತ್ತಾರೆ ಎನ್ನುವುದು ಈ ಕ್ರೀಡೆಯಲ್ಲಿ ಯಾರು ಬೇಕಾದರೂ ಕೊಡಬಹುದಾದ ಮುನ್ಸೂಚನೆ. ಆದರೂ 2024ರಲ್ಲಿ ಸವಾರರ ಸಂಘದ ಒತ್ತಾಯದ ಮೇಲೆ, ವೇಗ ಇಳಿಸಲೆಂದು ಕಾಡಿಗೆ ಮುಂಚೆ ಒಂದು ಚೂಪಾದ ಅಂಕುಡೊಂಕು ತಿರುವು ಹಾಕಿದಾಗ ದೊಡ್ಡ ಗದ್ದಲವೆದ್ದಿತು. ತಿರುವು ಸರಿಯಿತ್ತೋ ಇಲ್ಲವೋ ಎನ್ನುವುದು ಬೇರೆ ಚರ್ಚೆ, ಸವಾರರಲ್ಲೇ ಅದಕ್ಕೆ ವಿರೋಧವಿತ್ತು. ಗಮನಿಸಬೇಕಾದದ್ದು, ಬೀಳುವುದನ್ನು ವಿಧಿಯೆಂದು ಒಪ್ಪಿಕೊಂಡವರು ಅದನ್ನು ತಡೆಯುವ ಯಾವ ಪ್ರಯತ್ನವನ್ನೂ ಆಟಕ್ಕೆ ಬಗೆದ ದ್ರೋಹವೆಂದೇ ಕಾಣುತ್ತಾರೆ. ರೂಬೇ ಲಾಟರಿಯೆಂದು ಒಪ್ಪಿದ ಮೇಲೆ ಮುರಿದ ಮೂಳೆಗೆ ಯಾರೂ ಹೊಣೆಯಲ್ಲ, ಅದೂ ಒಂದು ಚೀಟಿ. ಬೀಳುವ ಜಾಗ ಮುಂಚೆಯೇ ಗೊತ್ತಿದ್ದರೆ ಸಂಘಟಕರು ಉತ್ತರ ಕೊಡಬೇಕಾಗುತ್ತದೆ.

ಹಾಗಾಗಿ ಮುನ್ಸೂಚನೆ ಬರೆಯುವವರಿಂದ ಓದುಗರು ಒಂದಿಷ್ಟನ್ನು ಕೇಳಿ ಪಡೆಯಬೇಕು. ನಕ್ಷತ್ರ ಬಿಟ್ಟು ಸಂಖ್ಯೆ ಬರೆಯಲಿ. ಇವನಿಗೆ ನೂರಕ್ಕೆ 30 ಎಂದರೆ, ಹತ್ತರಲ್ಲಿ ಏಳು ಸಲ ಅವನು ಸೋಲುತ್ತಾನೆ ಎಂದೂ ಬರೆದಂತಾಯಿತು. ಆ ಪ್ರಾಮಾಣಿಕತೆ ಮೊದಲ ಸಾಲಿನಲ್ಲೇ ಇರಲಿ. ಹೆಸರಿನ ಮುಂದೆ ಷರತ್ತು ಇರಲಿ: ಮಳೆ ಬಂದರೆ ಹೀಗೆ, ಗಾಳಿ ಬದಿಯಿಂದ ಬೀಸಿದರೆ ಹೀಗೆ, ಇಂಥ ತುಂಡಿಗೆ ಬರುವಾಗ ಜೊತೆಗೆ ಇಬ್ಬರು ಇಲ್ಲದಿದ್ದರೆ ಹೀಗೆ. ವಾರಗಳ ಮುಂಚೆ ಪಟ್ಟಿ ಹಾಕಿ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವುದು ನಿಲ್ಲಲಿ. 2024ರಲ್ಲಿ ವಾನ್ ಆರ್ಟ್ ಫ್ಲಾಂಡರ್ಸಿಗೆ ನಾಲ್ಕು ದಿನ ಇರುವಾಗ ಬಿದ್ದು ಮೂಳೆಗಳು ಮುರಿದು ಎರಡೂ ದೊಡ್ಡ ರೇಸುಗಳನ್ನು ಕಳೆದುಕೊಂಡ, ಅವನಿಗಾಗಿ ಹೊಲಿದ ಕುಲಾವಿಗಳೆಲ್ಲ ಹಾಗೇ ಉಳಿದವು. ಕೊನೆಗೆ, ರೇಸಿನ ಮರುದಿನ ಹಿಂದಿನ ದಿನದ ಬರಹವನ್ನೇ ಮುಂದಿಟ್ಟುಕೊಂಡು ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಬರೆಯಲಿ. ಬಡ್ಡಿ ಲೆಕ್ಕ ಬರೆಯುವ ಶೆಟ್ಟರೂ ವರ್ಷಕ್ಕೊಮ್ಮೆ ಖಾತೆ ಮುಗಿಸುತ್ತಾರೆ, ಈ ಲೇಖಕರು ಮಾತ್ರ ಪ್ರತಿ ವಾರ ಹೊಸ ಪುಸ್ತಕ ತೆರೆಯುತ್ತಾರೆ.

ನೋಡುವವರಿಗೂ ಒಂದು ಕೆಲಸವಿದೆ, ಅದು ಸುಲಭದ್ದು. ಮುಂದಿನ ಏಪ್ರಿಲ್‌ನಲ್ಲಿ ರೂಬೇ ಹಚ್ಚಿಕೊಂಡಾಗ ಆರೆನ್‌ಬರ್ಗ್ ಬರುವ ಹತ್ತು ಕಿಲೋಮೀಟರ್ ಮುಂಚಿನಿಂದ ಗುಂಪಿನ ಮುಂದಿನ ಇಪ್ಪತ್ತು ಜನರನ್ನು ಗಮನಿಸಬೇಕು. ಯಾವ ಬಣ್ಣದ ಜರ್ಸಿ ಎಷ್ಟಿವೆ, ಯಾರು ಯಾರಿಗೆ ಗಾಳಿ ತಡೆಯುತ್ತಿದ್ದಾರೆ, ಯಾವ ದೊಡ್ಡ ಹೆಸರು ಐವತ್ತನೆಯ ಸ್ಥಾನದಲ್ಲಿ ಒಂಟಿಯಾಗಿ ಒದ್ದಾಡುತ್ತಿದೆ ಎಂದು ಎಣಿಸಬೇಕು. ಕಾಡಿನಿಂದ ಹೊರಬರುವಾಗ ಮತ್ತೊಮ್ಮೆ ಎಣಿಸಬೇಕು. ಆ ಎರಡು ಎಣಿಕೆಗಳ ನಡುವಿನ ವ್ಯತ್ಯಾಸ, ಆ ದಿನ ಬೆಳಗ್ಗೆ ಓದಿದ ಯಾವ ಪಟ್ಟಿಗಿಂತಲೂ ಹೆಚ್ಚು ಹೇಳುತ್ತದೆ.